ಕೀಟೋ ನಡುವೆ ಹೋಳಿಗೆ ಊಟ: ಸಕ್ಕರೆ ಕುಸಿದರೆ ಏನು ಮಾಡಬೇಕು?

ಎರಡು ತಿಂಗಳಿಂದ ಅನ್ನ ಬಿಟ್ಟಿದ್ದೀರಿ. ಮುದ್ದೆ, ದೋಸೆ, ಚಪಾತಿ ಯಾವುದೂ ಇಲ್ಲ. ಕಾಫಿಗೂ ಸಕ್ಕರೆ ಹಾಕುತ್ತಿಲ್ಲ. ತೂಕ ಇಳಿದಿದೆ, ಬಟ್ಟೆ ಸಡಿಲವಾಗಿದೆ. ಅಷ್ಟರಲ್ಲಿ ಹತ್ತಿರದ ನೆಂಟರ ಮದುವೆ. 'ಒಂದು ದಿನ ತಾನೇ' ಎಂದು ಎಲೆಯ ಮುಂದೆ ಕೂರುತ್ತೀರಿ. ಪಾಯಸ, ಚಿತ್ರಾನ್ನ, ತುಪ್ಪ ಸುರಿದ ಎರಡು ಹೋಳಿಗೆ, ಅನ್ನ, ಸಾರು, ಮತ್ತೆ ಅನ್ನ, ಮೊಸರು. ಊಟವಾಗಿ ಒಂದು ಗಂಟೆ ಬರೀ ತೂಕಡಿಕೆ. ಎರಡೂವರೆ, ಮೂರು ಗಂಟೆ ಕಳೆಯುವಷ್ಟರಲ್ಲಿ ಕೈ ನಡುಗತೊಡಗುತ್ತದೆ. ತಣ್ಣನೆಯ ಬೆವರು, ಎದೆ ಡವಡವ, ಕಾಲಲ್ಲಿ ಬಲವಿಲ್ಲ. ಹೊಟ್ಟೆ ತುಂಬ ತಿಂದಿದ್ದರೂ ಏನಾದರೂ ಬಾಯಿಗೆ ಹಾಕಿಕೊಳ್ಳಲೇಬೇಕೆಂಬ ಹಸಿವು.

ಈ ಅನುಭವವಾದವರಲ್ಲಿ ಕೆಲವರು 'ನನ್ನ ಮೈಗೆ ಅನ್ನವೇ ವಿಷ' ಎಂದುಕೊಂಡು ಇನ್ನಷ್ಟು ಬಿಗಿಯಾದ ಪಥ್ಯಕ್ಕೆ ಇಳಿಯುತ್ತಾರೆ. ಇನ್ನು ಕೆಲವರು 'ಶುಗರ್ ಬಂದೇಬಿಟ್ಟಿತು' ಎಂದು ಹೆದರಿ ರಾತ್ರಿ ನಿದ್ದೆಗೆಡುತ್ತಾರೆ. ಎರಡೂ ಅವಸರದ ತೀರ್ಮಾನ. ಸಾಮಾನ್ಯವಾಗಿ ಆಗಿರುವುದು ಇಷ್ಟೇ: ದೇಹ ಕೊಬ್ಬನ್ನು ಉರಿಸಿ ಬದುಕಲು ಹೊಂದಿಕೊಂಡಿತ್ತು, ಮುನ್ಸೂಚನೆಯಿಲ್ಲದೆ ಅದರ ಮೇಲೆ ಒಂದೇ ಊಟದಲ್ಲಿ ಹಲವು ದಿನಗಳ ಪಿಷ್ಟ ಹೇರಿದ್ದೇವೆ. ಇದನ್ನು ತಡೆಯಬಹುದು, ಬಂದರೆ ನಿಭಾಯಿಸಲೂಬಹುದು. ಆದರೆ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರ ಪರಿಸ್ಥಿತಿ ಪೂರಾ ಬೇರೆ. ಅವರಿಗೆ ಈ ಲೇಖನದಲ್ಲಿ ಪ್ರತ್ಯೇಕ ಭಾಗವಿದೆ. ಅವರು ಮೊದಲು ಅದನ್ನೇ ಓದಲಿ.

ಒಂದು ಊಟದ ಲೆಕ್ಕ

ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ಇರುವ ಆಹಾರವನ್ನು ಸಾಮಾನ್ಯವಾಗಿ 'ಲೋ ಕಾರ್ಬ್' ಎನ್ನುತ್ತಾರೆ. ಕೀಟೋ ಮಾಡುವವರು ಇದನ್ನು 50 ಗ್ರಾಂಗಿಂತ ಕೆಳಗೆ, ಕೆಲವರು 20 ಗ್ರಾಂವರೆಗೂ ಇಳಿಸುತ್ತಾರೆ. ನಮ್ಮ ನಾಡಿನ ಊಟದ ಲೆಕ್ಕ ಇದಕ್ಕೆ ತದ್ವಿರುದ್ಧ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯರ ದಿನದ ಶಕ್ತಿಯಲ್ಲಿ ಸರಿಸುಮಾರು ಶೇ 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತದೆ.

ಬೇಯಿಸಿದ ಅನ್ನ 100 ಗ್ರಾಂ ತೂಗಿದರೆ ಅದರಲ್ಲಿ ಸುಮಾರು 28 ಗ್ರಾಂ ಕಾರ್ಬ್. 75 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 50 ಗ್ರಾಂ. ಹೋಳಿಗೆಯಲ್ಲಿ ಗಾತ್ರ ನೋಡಿಕೊಂಡು ಅಂದಾಜು 30ರಿಂದ 45 ಗ್ರಾಂ. ಎರಡು ಹೋಳಿಗೆ, ಎರಡು ಸಲ ಅನ್ನ, ಒಂದಿಷ್ಟು ಪಾಯಸ ಎಂದರೆ 150 ಗ್ರಾಂ ದಾಟುವುದು ತೀರಾ ಸುಲಭ. ದಿನಕ್ಕೆ 50 ಗ್ರಾಂನಲ್ಲಿದ್ದವರಿಗೆ ಇದು ಮೂರು ದಿನದ ಪಾಲು, ಅದೂ ಅರ್ಧ ಗಂಟೆಯೊಳಗೆ.

ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ. ವಯಸ್ಕರ ಮೈಯಲ್ಲಿ ಹರಿಯುವ ಸುಮಾರು ಐದು ಲೀಟರ್ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲೂಕೋಸ್ ನಾಲ್ಕೈದು ಗ್ರಾಂ ಮಾತ್ರ, ಅಂದರೆ ಒಂದು ಟೀ ಚಮಚ. ಅಷ್ಟು ಸಣ್ಣ ಪ್ರಮಾಣವನ್ನು ಹೆಚ್ಚೂ ಕಡಿಮೆ ಆಗದಂತೆ ಕಾಯುವ ವ್ಯವಸ್ಥೆಯ ಮೇಲೆ ಏಕಾಏಕಿ 150 ಗ್ರಾಂ ಬಂದು ಬೀಳುತ್ತದೆ.

ಒಳಗೆ ಏನಾಗುತ್ತದೆ?

ದಿನವೂ ಅನ್ನ, ರೊಟ್ಟಿ ತಿನ್ನುವ ಆರೋಗ್ಯವಂತರಲ್ಲಿ ಊಟ ಶುರುವಾದ ಕೆಲವೇ ನಿಮಿಷಗಳಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್‌ನ ಮೊದಲ ಅಲೆಯನ್ನು ಬಿಡುತ್ತದೆ. ಅದು ಯಕೃತ್ತಿಗೆ 'ಗ್ಲೂಕೋಸ್ ಬಿಡುವುದನ್ನು ನಿಲ್ಲಿಸು' ಎಂದು ಹೇಳುವ ಮೊದಲ ಆಜ್ಞೆ. ಆಮೇಲೆ ಎರಡನೇ ಅಲೆ ನಿಧಾನವಾಗಿ, ಊಟದ ಪ್ರಮಾಣಕ್ಕೆ ತಕ್ಕಂತೆ ಬರುತ್ತದೆ. ಹೀಗಾಗಿ ಸಕ್ಕರೆ ಮಿತವಾಗಿ ಏರಿ, ಎರಡು ಮೂರು ಗಂಟೆಯಲ್ಲಿ ಸದ್ದಿಲ್ಲದೆ ಮೊದಲಿನ ಮಟ್ಟಕ್ಕೆ ಬರುತ್ತದೆ.

ವಾರಗಟ್ಟಲೆ ಕಾರ್ಬ್ ಬಿಟ್ಟವರಲ್ಲಿ ಮೂರು ಬದಲಾವಣೆಗಳಾಗಿರುತ್ತವೆ.

ಮೊದಲನೆಯದು, ಸ್ನಾಯುಗಳದ್ದು. ಅವು ಕೊಬ್ಬಿನಾಮ್ಲಗಳನ್ನು ಉರಿಸಲು ಒಗ್ಗಿಕೊಂಡು, ಗ್ಲೂಕೋಸ್ ಉರಿಸುವ ಕಿಣ್ವಗಳ ಕೆಲಸವನ್ನು ತಗ್ಗಿಸಿಕೊಂಡಿರುತ್ತವೆ. ಇರುವ ಸ್ವಲ್ಪ ಗ್ಲೂಕೋಸ್ ಮಿದುಳಿಗೆ ಉಳಿಯಲಿ ಎಂಬ ಏರ್ಪಾಡು ಇದು. ಉಪವಾಸದ ಕಾಲದಲ್ಲಿ ಮನುಷ್ಯನನ್ನು ಉಳಿಸಿದ ಏರ್ಪಾಡೂ ಇದೇ. ಕೊಬ್ಬು ಮತ್ತು ಗ್ಲೂಕೋಸ್ ನಡುವಿನ ಈ ಪೈಪೋಟಿಯನ್ನು 1963ರಲ್ಲಿ ಬ್ರಿಟನ್ನಿನ ಫಿಲಿಪ್ ರ‍್ಯಾಂಡಲ್ ಮತ್ತು ಸಂಗಡಿಗರು ವಿವರಿಸಿದರು.

ಎರಡನೆಯದು, ಇನ್ಸುಲಿನ್‌ನ ಮೊದಲ ಅಲೆ ಮಂದವಾಗಿರುತ್ತದೆ. ಆದ್ದರಿಂದ ಹೋಳಿಗೆಯ ಸಕ್ಕರೆ ರಕ್ತದಲ್ಲಿ ಎಂದಿಗಿಂತ ಮೇಲಕ್ಕೆ ಏರುತ್ತದೆ. ಆ ಏರಿಕೆಯನ್ನು ಕಂಡು ಗ್ರಂಥಿ ತಡವಾಗಿ, ಆದರೆ ಜೋರಾಗಿ ಇನ್ಸುಲಿನ್ ಬಿಡುತ್ತದೆ. ಅದು ಪೂರ್ತಿ ಕೆಲಸ ಮಾಡುವ ಹೊತ್ತಿಗೆ ಊಟದ ಸಕ್ಕರೆ ಕರುಳಿನಿಂದ ಬಂದು ಮುಗಿಯುತ್ತಿರುತ್ತದೆ. ಇಳಿಜಾರು ಶುರುವಾಗುವುದು ಇಲ್ಲಿಂದ.

ಮೂರನೆಯದು, ಯಕೃತ್ತಿನ ದಾಸ್ತಾನು. ತುಂಬಿದಾಗ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ಸಕ್ಕರೆ ಕುಸಿದಾಗ ಬಾಗಿಲು ತೆರೆದು ಕೊಡುವ ಮನೆಯ ಕಣಜ ಅದು. ಲೋ ಕಾರ್ಬ್‌ನಲ್ಲಿರುವವರ ಕಣಜ ಅರೆಬರೆ ಖಾಲಿ. ಕುಸಿತ ತಡೆಯಲು ಗ್ಲುಕಗಾನ್ ಎಂಬ ಹಾರ್ಮೋನು ಬಂದು ಕರೆದರೂ ಕೂಡಲೇ ಕೊಡಲು ಹೆಚ್ಚೇನೂ ಇರುವುದಿಲ್ಲ. ಟೈಪ್ 1 ಮಧುಮೇಹಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಡ್ಯಾನಿಷ್ ಅಧ್ಯಯನದಲ್ಲಿ, ಲೋ ಕಾರ್ಬ್ ಆಹಾರದ ನಂತರ ಗ್ಲುಕಗಾನ್ ಚುಚ್ಚುಮದ್ದಿನ ಪರಿಣಾಮ ತಗ್ಗಿದ್ದು ಕಂಡುಬಂತು.

ಇಳಿಕೆ ಶುರುವಾದಾಗ ದೇಹ ಕೈಕಟ್ಟಿ ಕೂರುವುದಿಲ್ಲ. ಸಕ್ಕರೆ 65–70ರ ಆಸುಪಾಸಿಗೆ ಬರುವಾಗಲೇ ಗ್ಲುಕಗಾನ್ ಮತ್ತು ಅಡ್ರಿನಲಿನ್ ಹೊರಬರುತ್ತವೆ. ಇಲ್ಲಿ ಹೇಳುವ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿನ ಮಿಲಿಗ್ರಾಂ ಲೆಕ್ಕ. ಲ್ಯಾಬ್ ವರದಿಯಲ್ಲೂ ಗ್ಲೂಕೋಮೀಟರಿನಲ್ಲೂ ಇದೇ ಇರುತ್ತದೆ. ನಡುಕ, ಬೆವರು, ಎದೆಬಡಿತ, ಕಳವಳ ಎಲ್ಲವೂ ಅಡ್ರಿನಲಿನ್‌ನ ಕೆಲಸ. ಸಕ್ಕರೆ ಇನ್ನೂ ಇಳಿದು 50ರ ಹತ್ತಿರ ಬಂದರೆ ಮಿದುಳಿಗೆ ಇಂಧನ ಸಾಲದೆ ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ, ಗೊಂದಲವಾಗುತ್ತದೆ. ಮೊದಲ ಗುಂಪಿನ ಲಕ್ಷಣಗಳು ಎಚ್ಚರಿಕೆ. ಎರಡನೇ ಗುಂಪಿನವು ಅಪಾಯ.

ಹೊಸ ಕಾಯಿಲೆಯಲ್ಲ, ಹಳೆಯ ತಿಳಿವಳಿಕೆ

ಹಸಿದಿದ್ದ ನಾಯಿಗಳಿಗೆ ಪಿಷ್ಟ ತಿನ್ನಿಸಿದಾಗ ಅವುಗಳ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡದ್ದನ್ನು ಫ್ರಾಂಜ್ ಹೋಫ್‌ಮೈಸ್ಟರ್ 1890ರಲ್ಲೇ ದಾಖಲಿಸಿ, ಅದನ್ನು 'ಹಸಿವಿನ ಮಧುಮೇಹ' ಎಂದು ಕರೆದಿದ್ದರು. 1930ರ ದಶಕದಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್, ಆರೋಗ್ಯವಂತರ ಸಕ್ಕರೆಯ ಏರಿಳಿತವೂ ಅವರು ಹಿಂದಿನ ದಿನಗಳಲ್ಲಿ ಏನು ತಿಂದಿದ್ದರು ಎಂಬುದನ್ನೇ ಅವಲಂಬಿಸಿದೆ ಎಂದು ತೋರಿಸಿದರು. ಕಾರ್ಬ್ ಕಡಿಮೆ ತಿಂದವರು ಗ್ಲೂಕೋಸ್ ಕುಡಿದಾಗ ಅವರ ಸಕ್ಕರೆ ಹೆಚ್ಚು ಏರಿತು. ಕಾರ್ಬ್ ತಿನ್ನುತ್ತ ಬಂದವರಲ್ಲಿ ಕಡಿಮೆ ಏರಿತು. ಮರಳಿ ಕಾರ್ಬ್ ಕೊಟ್ಟಾಗ ದೇಹ ತನ್ನ ಹಳೆಯ ಸಾಮರ್ಥ್ಯಕ್ಕೆ ಬಂತು.

ಮಧುಮೇಹ ಪತ್ತೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಮುಂಚೆ ಮೂರು ದಿನ, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿಂದಿರಬೇಕು ಎಂಬ ನಿಯಮ ಬಂದದ್ದು ಇಂಥ ಸಂಶೋಧನೆಗಳಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಇದಿದೆ. ಹಬ್ಬದ ಊಟಕ್ಕೆ ಸಿದ್ಧವಾಗುವ ಸೂತ್ರವೂ ಈ ನಿಯಮದಲ್ಲೇ ಅಡಗಿದೆ.

ನಡುಕವೆಲ್ಲ 'ಲೋ ಶುಗರ್' ಅಲ್ಲ

'ಶುಗರ್ ಡೌನ್ ಆಯ್ತು' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಳೆದು ನೋಡಿದರೆ ಎಷ್ಟೋ ಸಲ 85, 90 ಇರುತ್ತದೆ. ಸಕ್ಕರೆ 170ರಿಂದ 90ಕ್ಕೆ ಬೇಗ ಇಳಿದಾಗ, ಮುಟ್ಟಿದ ಮಟ್ಟ ಸಹಜವೇ ಆಗಿದ್ದರೂ ಕೆಲವರಿಗೆ ಮೈ ಝಲ್ಲೆನ್ನುತ್ತದೆ. ಇದು ಕಿರಿಕಿರಿಯೇ ಹೊರತು ಅಪಾಯವಲ್ಲ.

ಬೇರೆ ಕಾರಣಗಳೂ ಇವೆ. ಕಾರ್ಬ್ ಬಿಟ್ಟ ಮೊದಲ ವಾರಗಳಲ್ಲಿ ಇನ್ಸುಲಿನ್ ಮಟ್ಟ ಇಳಿಯುವುದರಿಂದ ಮೂತ್ರದಲ್ಲಿ ಉಪ್ಪು, ನೀರು ಹೆಚ್ಚು ಹೋಗುತ್ತದೆ. ಎದ್ದು ನಿಂತರೆ ತಲೆ ಸುತ್ತುವುದು ಇದರಿಂದ. ಹಿರಿಯರಿಗೆ ಭಾರಿ ಊಟದ ನಂತರ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ರಕ್ತಹೀನತೆ, ಥೈರಾಯ್ಡ್ ಅತಿ ಚಟುವಟಿಕೆ, ಹೆಚ್ಚು ಕಾಫಿ, ಮನಸ್ಸಿನ ಆತಂಕ ಇವೆಲ್ಲ ಇದೇ ನಡುಕ, ಇದೇ ಬೆವರು ತರುತ್ತವೆ.

ಹಾಗಾದರೆ ನಿಜವಾದ ಕುಸಿತ ಯಾವುದು? ಅಮೆರಿಕದ ಶಸ್ತ್ರಚಿಕಿತ್ಸಕ ಅಲೆನ್ ವಿಪಲ್ 1930ರ ದಶಕದಲ್ಲಿ ಹೇಳಿದ ಮೂರು ಷರತ್ತುಗಳನ್ನು ವೈದ್ಯರು ಇಂದಿಗೂ ಕೇಳುತ್ತಾರೆ. ಲಕ್ಷಣ ಇರಬೇಕು. ಅದೇ ಹೊತ್ತಿನಲ್ಲಿ ಅಳೆದ ಸಕ್ಕರೆ ಕಡಿಮೆ ಇರಬೇಕು. ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ಮಧುಮೇಹ ಇಲ್ಲದವರಲ್ಲಿ 55ಕ್ಕಿಂತ ಕೆಳಗಿನ ಸಂಖ್ಯೆಯನ್ನು ವೈದ್ಯರು ಗಂಭೀರವಾಗಿ ನೋಡುತ್ತಾರೆ. ಮಧುಮೇಹದ ಔಷಧಿ ತೆಗೆದುಕೊಳ್ಳುವವರಿಗೆ 70ರ ಕೆಳಗೆ ಬಂದರೇ ಎಚ್ಚರಿಕೆಯ ಗಂಟೆ.

ಅಳೆಯುವ ಬಗೆ

ಪದೇಪದೇ ಹೀಗಾಗುತ್ತಿದ್ದರೆ ಮನೆಯಲ್ಲೊಂದು ಗ್ಲೂಕೋಮೀಟರ್ ಇರಲಿ. ಅಳೆಯುವ ಮುನ್ನ ಕೈ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ಹೋಳಿಗೆಯ ಬೆಲ್ಲವೋ ಹಣ್ಣಿನ ರಸವೋ ಅಂಟಿದ್ದರೆ ಸಂಖ್ಯೆ ಸುಳ್ಳು ಹೇಳುತ್ತದೆ. ಮನೆಯ ಯಂತ್ರಗಳಲ್ಲಿ ಸುಮಾರು 15ರಷ್ಟು ಆಚೀಚೆ ಆಗುವುದನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಆದ್ದರಿಂದ ಒಮ್ಮೆ 66 ಬಂದಿತೆಂದು ಗಾಬರಿ ಬೇಡ, ಮತ್ತೊಮ್ಮೆ ನೋಡಿ.

ಊಟಕ್ಕೆ ಮುಂಚೆ, ಊಟ ಶುರುವಾಗಿ ಒಂದು ಗಂಟೆಗೆ, ಎರಡು, ಮೂರು, ನಾಲ್ಕು ಗಂಟೆಗೆ ಅಳೆದು ಬರೆದಿಡಿ. ಲಕ್ಷಣ ಕಾಣಿಸಿದ ಕ್ಷಣದ ಅಳತೆ ಎಲ್ಲಕ್ಕಿಂತ ಮುಖ್ಯ. ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು, ಏನು ಮಾಡಿದಾಗ ಸರಿಹೋಯಿತು ಎಂಬ ನಾಲ್ಕು ಸಾಲು ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರು ಎರಡು ವಿಷಯ ನೆನಪಿಡಿ: ಅದು ರಕ್ತದ ಸಕ್ಕರೆಗಿಂತ ಕೆಲವು ನಿಮಿಷ ಹಿಂದಿರುತ್ತದೆ, ಮತ್ತು ಅದೇ ಮಗ್ಗುಲಿಗೆ ಒತ್ತಿ ಮಲಗಿದರೆ ಸುಳ್ಳು 'ಲೋ' ತೋರಿಸುತ್ತದೆ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು

1. ಮೊದಲು ಕುಳಿತುಕೊಳ್ಳಿ. ಗಾಡಿ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಹತ್ತಿರದವರಿಗೆ ಹೇಳಿ.

2. ಗ್ಲೂಕೋಮೀಟರ್ ಕೈಗೆ ಸಿಗುವಂತಿದ್ದರೆ ಅಳೆಯಿರಿ. ಮಾತು ತೊದಲುತ್ತಿದ್ದರೆ, ಗೊಂದಲವಾಗುತ್ತಿದ್ದರೆ ಅಳತೆಗೆ ಕಾಯಬೇಡಿ, ನೇರ ಮೂರನೇ ಹೆಜ್ಜೆಗೆ ಹೋಗಿ.

3. ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಅಳೆಯಲು ಆಗದಿದ್ದರೆ, ಸುಮಾರು 15 ಗ್ರಾಂ ಸಕ್ಕರೆ ತೆಗೆದುಕೊಳ್ಳಿ: ಮೂರು ನಾಲ್ಕು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದರೆ ಸಾಕು. ಮೈಸೂರುಪಾಕು, ಚಾಕೊಲೇಟು ಬೇಡ. ಅವುಗಳ ಕೊಬ್ಬು ಸಕ್ಕರೆ ಬೇಗ ರಕ್ತ ಸೇರದಂತೆ ತಡೆಯುತ್ತದೆ.

4. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಇನ್ನೂ 70ರ ಕೆಳಗಿದ್ದರೆ ಮತ್ತೆ 15 ಗ್ರಾಂ.

5. ಸರಿಹೋದ ಮೇಲೆ ಒಂದು ಹಿಡಿ ಕಡಲೆಕಾಯಿ, ಒಂದು ಬಟ್ಟಲು ಮೊಸರು, ಬೇಯಿಸಿದ ಹೆಸರುಕಾಳು ಅಥವಾ ಮೊಟ್ಟೆಯಂಥದ್ದು ಏನಾದರೂ ತಿನ್ನಿ. ಹಸಿವು ಜೋರಾಗಿದೆಯೆಂದು ಮತ್ತೊಂದು ಹೋಳಿಗೆಗೆ ಕೈ ಹಾಕಿದರೆ ಅದೇ ಏರಿಳಿತ ಮತ್ತೆ ಶುರು.

6. ಸಕ್ಕರೆ ಸಹಜ ಮಟ್ಟಕ್ಕೆ ಬಂದ ಮೇಲೂ ಮುಕ್ಕಾಲು ಗಂಟೆ ಗಾಡಿ ಮುಟ್ಟಬೇಡಿ. ಮಿದುಳು ಪೂರ್ತಿ ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು.

'ಕೀಟೋ ಮುರಿಯುತ್ತದೆ' ಎಂದು ಆ ಹೊತ್ತಿನಲ್ಲಿ ಸಕ್ಕರೆ ನೀರು ಬೇಡವೆನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಥ್ಯ ನಾಳೆಯೂ ಇರುತ್ತದೆ. ಅಳೆದಾಗ 80, 90 ಇದ್ದರೆ ಮಾತ್ರ ಸಕ್ಕರೆ ಬೇಕಿಲ್ಲ. ಕಾಲು ಮೇಲೆ ಮಾಡಿ ಮಲಗಿ, ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ.

ಪ್ರಜ್ಞೆ ತಪ್ಪಿದವರ, ಫಿಟ್ಸ್ ಬಂದವರ ಬಾಯಿಗೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗಬಹುದು. ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಹಬ್ಬಕ್ಕೆ, ಮದುವೆಗೆ ಮುನ್ನ

ಯುಗಾದಿಯೋ ಗೃಹಪ್ರವೇಶವೋ, ದಿನ ಮೊದಲೇ ಗೊತ್ತಿರುತ್ತದೆ. ಮನಸಾರೆ ಉಣ್ಣಬೇಕೆಂದಿದ್ದರೆ ಅದಕ್ಕೆ ಮೂರು ನಾಲ್ಕು ದಿನ ಮೊದಲೇ ಅನ್ನ, ರೊಟ್ಟಿ, ಕಾಳು, ಹಣ್ಣು ಶುರುಮಾಡಿ ದಿನಕ್ಕೆ 150 ಗ್ರಾಂ ಹತ್ತಿರ ತನ್ನಿ. ಮೊದಲ ದಿನವೇ ಅಷ್ಟನ್ನೂ ಒಂದೇ ಹೊತ್ತಿಗೆ ತಿನ್ನದೆ ಮೂರು ಹೊತ್ತಿಗೆ ಹಂಚಿ. ದೇಹಕ್ಕೆ ಅಷ್ಟು ಸಮಯ ಸಿಕ್ಕರೆ ಯಕೃತ್ತಿನ ದಾಸ್ತಾನು ತುಂಬಿಕೊಳ್ಳುತ್ತದೆ, ಇನ್ಸುಲಿನ್‌ನ ಮೊದಲ ಅಲೆ ಚುರುಕಾಗುತ್ತದೆ.

ಪಥ್ಯ ಬಿಡಲು ಮನಸ್ಸಿಲ್ಲ, ಆದರೆ ಊಟಕ್ಕೆ ಹೋಗಲೇಬೇಕು ಎನ್ನುವವರು ರುಚಿಗಷ್ಟೇ ತಿನ್ನಿ: ಅರ್ಧ ಹೋಳಿಗೆ, ಎರಡು ತುತ್ತು ಚಿತ್ರಾನ್ನ. ಬಡಿಸುವವರ ಪ್ರೀತಿಗೆ ಮಣಿದು ಎಲೆ ತುಂಬಿಸಿಕೊಳ್ಳುವ ಬದಲು ಕೋಸಂಬರಿಯನ್ನು ಎರಡನೇ ಸಲ ಹಾಕಿಸಿಕೊಳ್ಳಿ; ಅವರಿಗೂ ಸಮಾಧಾನ, ನಿಮಗೂ ಕ್ಷೇಮ.

ತಿನ್ನುವ ಕ್ರಮವೂ ಮುಖ್ಯ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ 11 ಮಂದಿ ಟೈಪ್ 2 ಮಧುಮೇಹಿಗಳಿಗೆ ಒಂದೇ ಊಟವನ್ನು ಎರಡು ಕ್ರಮದಲ್ಲಿ ಕೊಟ್ಟರು. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದು ಆಮೇಲೆ ಬ್ರೆಡ್ಡು, ಹಣ್ಣಿನ ರಸ ತೆಗೆದುಕೊಂಡ ದಿನ ಒಂದು ಗಂಟೆಯ ಸಕ್ಕರೆ ಮೂರನೇ ಒಂದು ಪಾಲಿಗಿಂತಲೂ ಜಾಸ್ತಿ ತಗ್ಗಿತ್ತು. ನಮ್ಮ ಬಾಳೆಲೆಯಲ್ಲಿ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮೊದಲೇ ಬಂದು ಕೂರುತ್ತವೆ. ಅನ್ನ ಬರುವ ಮೊದಲು ಅವನ್ನು ತಿಂದು ಮುಗಿಸಿ. ಎಲೆಯ ತುದಿಗೆ ಮೊದಲು ಬಡಿಸುವ ಪಾಯಸವನ್ನು ನಾಲಗೆಗೆ ಮುಟ್ಟಿಸಿ ಬಿಡಿ, ಉಳಿದದ್ದು ಕೊನೆಗಿರಲಿ.

ಇನ್ನೂ ಕೆಲವು ಎಚ್ಚರಗಳು:

ದ್ರವರೂಪದ ಸಿಹಿ ಎಲ್ಲಕ್ಕಿಂತ ಕೆಟ್ಟದ್ದು. ರಾಮನವಮಿಯ ಪಾನಕ, ಕಬ್ಬಿನ ಹಾಲು, ಹಣ್ಣಿನ ರಸ, ತಂಪು ಪಾನೀಯಗಳು ಬರಿಹೊಟ್ಟೆಗೆ ಬಿದ್ದರೆ ಸಕ್ಕರೆ ಸರ್ರನೆ ಏರುತ್ತದೆ.

'ಮಧ್ಯಾಹ್ನ ಭಾರಿ ಊಟವಿದೆ' ಎಂದು ಬೆಳಗ್ಗೆಯಿಂದ ಉಪವಾಸವಿದ್ದು ಎರಡೂವರೆಗೆ ಪಂಕ್ತಿಯಲ್ಲಿ ಕೂರಬೇಡಿ. ಬೆಳಗ್ಗೆ ಮೊಟ್ಟೆ, ಪನೀರ್, ಮೊಳಕೆಕಾಳು ಏನಾದರೂ ತಿಂದಿರಿ. ಏಕಾದಶಿಯ ನಿರಾಹಾರ ಮುಗಿಸಿ ದ್ವಾದಶಿಯ ಬೆಳಗ್ಗೆ ಪಾರಣೆ ಮಾಡುವವರಿಗೂ ಇದೇ ಮಾತು: ಮೊದಲು ಕಾಳು, ತರಕಾರಿ, ಮಜ್ಜಿಗೆ, ಸಿಹಿ ಕೊನೆಗೆ, ಸ್ವಲ್ಪ.

ಮದ್ಯ ಬೇಡವೇ ಬೇಡ. ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ಮದ್ಯ ತಡೆಯುತ್ತದೆ. ದಾಸ್ತಾನು ಖಾಲಿ ಇರುವವರಲ್ಲಿ ಇದು ನಿಜವಾದ ಅಪಾಯ. ಸಿಹಿ ಪಾನೀಯದೊಡನೆ ಬೆರೆಸಿದ ಮದ್ಯದಿಂದ ಸಕ್ಕರೆ ಕುಸಿಯುವುದನ್ನು 1977ರಲ್ಲೇ 'ಲ್ಯಾನ್ಸೆಟ್' ಪತ್ರಿಕೆ ವರದಿ ಮಾಡಿತ್ತು. ಅಮಲು ಮತ್ತು ಲೋ ಶುಗರ್ ನೋಡಲು ಒಂದೇ ಥರ ಇರುವುದರಿಂದ ಜೊತೆಯಲ್ಲಿದ್ದವರಿಗೂ ತಿಳಿಯುವುದಿಲ್ಲ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯಿರಿ, ಏರಿಕೆ ತಗ್ಗುತ್ತದೆ. ಆದರೆ ಎರಡು ಮೂರು ಗಂಟೆ ಬಿಟ್ಟು ಜಿಮ್‌ಗೆ ಹೋಗಿ ಬೆವರು ಹರಿಸಿದರೆ ಇಳಿಯುತ್ತಿರುವ ಸಕ್ಕರೆ ಇನ್ನೂ ಇಳಿಯುತ್ತದೆ.

ಮತ್ತೆ ಮಾಮೂಲಿ ಊಟಕ್ಕೆ ಮರಳುವಾಗ

ಲೋ ಕಾರ್ಬ್ ಬಿಡಬೇಕೆಂದು ನಿರ್ಧರಿಸಿದವರು ಹತ್ತು ಹದಿನೈದು ದಿನದ ಹಾದಿ ಹಾಕಿಕೊಳ್ಳಲಿ. ಮೊದಲ ಮೂರು ನಾಲ್ಕು ದಿನ ಮಧ್ಯಾಹ್ನದ ಊಟಕ್ಕೆ ಮಾತ್ರ 25 ಗ್ರಾಂನಷ್ಟು ಕಾರ್ಬ್ ಸೇರಿಸಿ: ಅರ್ಧ ಬಟ್ಟಲು ಅನ್ನ ಅಥವಾ ಒಂದು ಸಣ್ಣ ಜೋಳದ ರೊಟ್ಟಿ, ಜೊತೆಗೆ ಧಾರಾಳವಾಗಿ ಸೊಪ್ಪಿನ ಹುಳಿ, ಕಾಳಿನ ಪಲ್ಯ. ಮೈಗೆ ಹಿಡಿಸಿದರೆ ಇನ್ನೊಂದು ಹೊತ್ತಿಗೂ ಅಷ್ಟೇ ಸೇರಿಸಿ. ಆಮೇಲೆ ಹಣ್ಣು, ಆಮೇಲೆ ಬೆಳಗಿನ ತಿಂಡಿ. ಸಕ್ಕರೆ, ಮೈದಾ ಕೊನೆಗೆ ಬರಲಿ, ಬರದಿದ್ದರೂ ನಷ್ಟವಿಲ್ಲ.

ಮೊದಲು ಆರಿಸಬೇಕಾದದ್ದು ನಾರು ಮತ್ತು ಪ್ರೋಟೀನ್ ಇರುವ ಪಿಷ್ಟ: ಅವರೆಕಾಳು, ಹುರುಳಿ, ಹೆಸರುಬೇಳೆ, ಕಡಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 11 ಗ್ರಾಂನಷ್ಟು ನಾರಿದೆ. ಆದರೂ ರಾಗಿಯೆಂದರೆ ಲೆಕ್ಕವಿಲ್ಲದೆ ತಿನ್ನಬಹುದು ಎಂದಲ್ಲ. ಸಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಜೀರ್ಣವಾಗುತ್ತದೆ. ಬಸ್ಸಾರು, ಉಪ್ಸಾರಿನೊಡನೆ ಸಣ್ಣ ಮುದ್ದೆ ಒಳ್ಳೆಯದು.

ಪದೇಪದೇ ಲೋ ಆಗುವವರು ದಿನಕ್ಕೆ ಎರಡು ದೊಡ್ಡ ಊಟದ ಬದಲು ನಾಲ್ಕೈದು ಸಣ್ಣ ಊಟ ಮಾಡಿ ನೋಡಲಿ. ವಾರವೆಲ್ಲ 20 ಗ್ರಾಂ, ಭಾನುವಾರ 'ಚೀಟ್ ಡೇ' ಎಂದು 300 ಗ್ರಾಂ ತಿನ್ನುವ ರೂಢಿಯನ್ನಂತೂ ಬಿಡಲೇಬೇಕು. ದಿನವೂ 80–100 ಗ್ರಾಂ ತಿಂದುಕೊಂಡಿರುವುದು ಇದಕ್ಕಿಂತ ಎಷ್ಟೋ ವಾಸಿ.

ಮಧುಮೇಹದ ಔಷಧಿ ತೆಗೆದುಕೊಳ್ಳುವವರೇ, ಇದನ್ನು ಮೊದಲು ಓದಿ

ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವು ನೀವು ಊಟ ಮಾಡಿದರೂ ಬಿಟ್ಟರೂ ಸಕ್ಕರೆ ಇಳಿಸುತ್ತಲೇ ಇರುತ್ತವೆ. ಹಳೆಯ ಡೋಸ್ ಹಾಗೇ ಇಟ್ಟುಕೊಂಡು ಅನ್ನ ಬಿಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು, ನಿದ್ದೆಯಲ್ಲೂ ಕುಸಿಯಬಹುದು. ಲೋ ಕಾರ್ಬ್ ಶುರುಮಾಡುವ ಮೊದಲು ವೈದ್ಯರ ಬಳಿ ಡೋಸ್ ಬದಲಿಸಿಕೊಳ್ಳಿ; ಅನ್ನಕ್ಕೆ ಮರಳುವಾಗ ಮತ್ತೊಮ್ಮೆ ಕೇಳಿ. ಹಬ್ಬದ ದಿನ 'ಹೋಳಿಗೆ ತಿಂದೆ, ಇನ್ನೊಂದು ಮಾತ್ರೆ ನುಂಗಿಬಿಡೋಣ' ಎಂದು ಸ್ವಂತ ಲೆಕ್ಕ ಹಾಕಬೇಡಿ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳ ಜೊತೆ ಕೀಟೋ ಬೇರೊಂದು ಅಪಾಯ ತರುತ್ತದೆ. ಸಕ್ಕರೆ ತೀರಾ ಹೆಚ್ಚಿಲ್ಲದಿದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಕೀಟೋಆಸಿಡೋಸಿಸ್ ಆಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ಗ್ಲೂಕೋಮೀಟರಿನ ಸಂಖ್ಯೆ ನೋಡಿ ಸಮಾಧಾನಪಡದೆ ನೇರ ಆಸ್ಪತ್ರೆಗೆ ಹೋಗಿ.

ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ನುಂಗುವವರು ಜೇಬಿನಲ್ಲಿ ಶುದ್ಧ ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಿ. ಅಡುಗೆಮನೆಯ ಸಕ್ಕರೆ ಒಡೆದು ಗ್ಲೂಕೋಸ್ ಆಗುವುದನ್ನೇ ಈ ಮಾತ್ರೆಗಳು ನಿಧಾನಗೊಳಿಸುವುದರಿಂದ ಲೋ ಆದ ಹೊತ್ತಿನಲ್ಲಿ ಅದು ಬೇಗ ನೆರವಿಗೆ ಬರುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿಯುವುದು ಅಪರೂಪ; ಆದರೂ ವೈದ್ಯರಿಗೆ ತಿಳಿಸಿಯೇ ಪಥ್ಯ ಬದಲಿಸಿ.

ರಕ್ತಪರೀಕ್ಷೆಗೆ ಹೋಗುವ ಮುನ್ನ

ಕೀಟೋದಲ್ಲಿದ್ದುಕೊಂಡೇ ಗ್ಲೂಕೋಸ್ ಕುಡಿಯುವ ಪರೀಕ್ಷೆ ಮಾಡಿಸಿದರೆ, ಇಲ್ಲದ ಮಧುಮೇಹ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಮೂರು ದಿನ ಮೊದಲು 150 ಗ್ರಾಂ ನಿಯಮ ಪಾಲಿಸಿ, ಅಥವಾ ಪಥ್ಯದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಎರಡು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಈ ಗೊಂದಲವಿಲ್ಲ. ಗರ್ಭಿಣಿಯರಿಗೆ ಸಾಮಾನ್ಯವಾಗಿ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯನ್ನೇ ಮಾಡುವುದರಿಂದ ಅವರು ಈ ವಿಷಯ ಮುಚ್ಚಿಡಬಾರದು. ಗರ್ಭಿಣಿಯರು ಸ್ವಂತ ನಿರ್ಧಾರದಿಂದ ಕೀಟೋ ಮಾಡಲೂಬಾರದು.

ವೈದ್ಯರನ್ನು ತಡಮಾಡದೆ ಕಾಣಬೇಕಾದದ್ದು

ಲಕ್ಷಣದ ಜೊತೆ ಸಕ್ಕರೆ 55ರ ಕೆಳಗೆ ಬಂದಿದ್ದರೆ. ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ. ಊಟದ ನಂತರವಲ್ಲದೆ ಬೆಳಗ್ಗೆ ಬರಿಹೊಟ್ಟೆಯಲ್ಲಿ, ನಡುರಾತ್ರಿ, ವ್ಯಾಯಾಮದ ಹೊತ್ತಿನಲ್ಲಿ ಕುಸಿಯುತ್ತಿದ್ದರೆ. ಕಾರ್ಬ್‌ಗೆ ನಿಧಾನವಾಗಿ ಮರಳಿದ ಮೇಲೂ ಸಾಧಾರಣ ಊಟಕ್ಕೇ ಹೀಗಾಗುತ್ತಿದ್ದರೆ. ಬೊಜ್ಜು ಕರಗಿಸಲು ಜಠರದ ಶಸ್ತ್ರಚಿಕಿತ್ಸೆ ಆಗಿದ್ದರೆ. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ. ಇವುಗಳಲ್ಲಿ ಯಾವುದೊಂದಿದ್ದರೂ ಅದನ್ನು ಪಥ್ಯದ ಮೇಲೆ ಹಾಕಿ ಸುಮ್ಮನಾಗಬೇಡಿ. ಜಠರದ ಬೈಪಾಸ್ ಆದವರಲ್ಲಿ ಊಟದ ನಂತರದ ಕುಸಿತ ತೀವ್ರವಾಗಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಇನ್ಸುಲಿನ್ ಸುರಿಸುವ ಗಡ್ಡೆ ಬಹಳ ಅಪರೂಪ, ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗಷ್ಟೇ. ಆದರೆ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ಗುಣವಾಗುವಂಥದ್ದು. ಕೆಲವೊಮ್ಮೆ ಮನೆಯ ಹಿರಿಯರ ಶುಗರ್ ಮಾತ್ರೆಯನ್ನು ಕೈತಪ್ಪಿ ನುಂಗಿದ್ದೂ ಕಾರಣವಾಗಿರುತ್ತದೆ. ಮಾತ್ರೆ ಡಬ್ಬಿಗಳನ್ನು ಬೇರೆಬೇರೆ ಇಡಿ.

ಊಟದ ನಂತರದ ಕುಸಿತವನ್ನು ಖಚಿತಪಡಿಸಲು ಗ್ಲೂಕೋಸ್ ಕುಡಿಸುವ ಪರೀಕ್ಷೆ ಸೂಕ್ತವಲ್ಲ. ಅದರಲ್ಲಿ ಆರೋಗ್ಯವಂತರ ಸಕ್ಕರೆಯೂ ಕೆಲವೊಮ್ಮೆ 50ರ ಹತ್ತಿರ ಇಳಿಯುವುದುಂಟು. ಪ್ರೋಟೀನ್, ಕೊಬ್ಬು, ಪಿಷ್ಟ ಎಲ್ಲ ಸೇರಿದ ಊಟ ಕೊಟ್ಟು ಐದು ಗಂಟೆವರೆಗೆ ಅಳೆಯುವ ಪರೀಕ್ಷೆಯನ್ನು ಹಾರ್ಮೋನು ತಜ್ಞರು ಮಾಡಿಸುತ್ತಾರೆ.

ತೂಕ ಇಳಿಸಲು, ಸಕ್ಕರೆ ಹತೋಟಿಗೆ ತರಲು ಲೋ ಕಾರ್ಬ್ ಹಲವರಿಗೆ ನೆರವಾಗಿದೆ. ಆ ಪಥ್ಯ ಹಿಡಿಯುವುದೂ ಬಿಡುವುದೂ ನಿಮ್ಮ, ನಿಮ್ಮ ವೈದ್ಯರ ತೀರ್ಮಾನ. ನನ್ನ ಕೋರಿಕೆ ಒಂದೇ: ಎರಡು ತಿಂಗಳು ಬಿಟ್ಟದ್ದನ್ನು ಒಂದೇ ಪಂಕ್ತಿಯಲ್ಲಿ ತುಂಬಿಸಿಕೊಳ್ಳಬೇಡಿ. ಹಬ್ಬಕ್ಕೆ ಮೂರು ನಾಲ್ಕು ದಿನ ಮೊದಲು ಅನ್ನ ಶುರುಮಾಡಿ, ಕೋಸಂಬರಿ ಪಲ್ಯ ಮೊದಲು ತಿನ್ನಿ, ಮೈ ನಡುಗಿದರೆ ಊಹಿಸದೆ ಅಳೆಯಿರಿ. ಮಧುಮೇಹದ ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಳ್ಳುವವರು ಪಥ್ಯ ಬದಲಿಸುವ ಹಿಂದಿನ ದಿನವೇ ವೈದ್ಯರಿಗೊಂದು ಫೋನ್ ಮಾಡಿ.